ಬಂದು ಹೋಗುವ ದೋಷ

ರೋಗಗಳಲ್ಲಿ ಬಂದು ನಿಲ್ಲುವವು ಕೆಲವು, ಬಂದು ಹೋಗುವವು ಕೆಲವು. ಬಂದು ನಿಂತ ರೋಗಕ್ಕೆ ವೈದ್ಯನೇ ಸಾಕ್ಷಿ. ಅವನು ನಾಡಿ ಹಿಡಿದು ನೋಡುವಾಗ ಅದು ಅಲ್ಲಿಯೇ ಇರುತ್ತದೆ. ಬಂದು ಹೋಗುವ ರೋಗಕ್ಕಾದರೋ ರೋಗಿಯೊಬ್ಬನೇ ಸಾಕ್ಷಿ; ವೈದ್ಯನು ಬರುವ ಹೊತ್ತಿಗೆ ಅದು ಎದ್ದು ಹೋಗಿರುತ್ತದೆ. ಮಲೆನಾಡಿನ ಹಿಂದಿನ ತಲೆಮಾರಿನವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿರಲಿಲ್ಲ. ಚಳಿಜ್ವರ ಹಿಡಿದವನು ಒಂದು ದಿನ ಮೂರು ಕಂಬಳಿಗಳ ಅಡಿಯಲ್ಲಿ ಗಡಗಡನೆ ನಡುಗುವನು. ಮರುದಿನ ಜಗುಲಿಯ ಮೇಲೆ ಕುಳಿತು ಗಂಜಿ ಉಣ್ಣುವನು. ಆ ಮರುದಿನ ಬಂದ ನೆಂಟನು, "ಜ್ವರವೆಂದು ಹೇಳಿಕಳುಹಿಸಿದಿರಿ, ಮೈ ತಣ್ಣಗೇ ಇದೆಯಲ್ಲ!" ಎಂದು ಹುಬ್ಬೇರಿಸುವನು. ಮೂರನೆಯ ದಿನ ಮತ್ತೆ ನಡುಕ. ಅಷ್ಟರಲ್ಲಿ ನೆಂಟನು ತನ್ನ ಊರನ್ನು ಸೇರಿರುವನು.

ನಮ್ಮ ವೈದ್ಯಗ್ರಂಥಗಳು ಇಂಥ ಜ್ವರವನ್ನು ವಿಷಮಜ್ವರವೆಂದು ಕರೆದು, ಅದು ಬರುವ ಸರದಿಯನ್ನು ಎಣಿಸಿ, ತೃತೀಯಕ, ಚತುರ್ಥಕ ಎಂಬ ಹೆಸರುಗಳನ್ನು ಕೊಟ್ಟವು. ಜ್ವರವಿದ್ದ ದಿನವನ್ನು ಎಣಿಸುವುದು ದೊಡ್ಡದಲ್ಲ. ಜ್ವರವಿಲ್ಲದ ದಿನವನ್ನೂ ರೋಗದ ಲೆಕ್ಕಕ್ಕೆ ಸೇರಿಸಿಕೊಂಡುದು ಆ ಪೂರ್ವಿಕರ ಜಾಣ್ಮೆ. ಬಹುಕಾಲದ ಮೇಲೆ, ೧೮೮೦ರಲ್ಲಿ, ಫ್ರೆಂಚ್ ಸೈನ್ಯದ ವೈದ್ಯನಾದ ಲಾವೆರಾನ್ ಎಂಬಾತನು ಆಲ್ಜೀರಿಯದಲ್ಲಿ ಜ್ವರಪೀಡಿತನಾದ ಸಿಪಾಯಿಯ ರಕ್ತದಲ್ಲಿ ಆ ರೋಗದ ಜೀವಿಯನ್ನು ಕಂಡನು. ೧೮೯೭ರಲ್ಲಿ ರೊನಾಲ್ಡ್ ರಾಸ್ ಎಂಬಾತನು ಸಿಕಂದರಾಬಾದಿನಲ್ಲಿ ಅದೇ ಜಾತಿಯ ಜೀವಿಯನ್ನು ಸೊಳ್ಳೆಯ ಹೊಟ್ಟೆಯೊಳಗೆ ಕಂಡನು. ಜ್ವರವು ಬಿಟ್ಟಂತೆ ತೋರಿದಾಗಲೂ ಅದರ ಕಾರಣವು ಮೈಯನ್ನು ಬಿಟ್ಟಿರುವುದಿಲ್ಲವೆಂಬುದು ಹೀಗೆ ಸಿದ್ಧವಾಯಿತು. ಕಾಣದಿರುವುದು ಬೇರೆ, ಇಲ್ಲದಿರುವುದು ಬೇರೆ.

ಈ ಪೀಠಿಕೆಯನ್ನು ಹಾಕಿದುದು ವೈದ್ಯವನ್ನು ಕುರಿತು ಬರೆಯುವುದಕ್ಕಲ್ಲ. ಒಂದು ಪಿಕಪ್ ವಾಹನವನ್ನು ಕುರಿತು ಬರೆಯುವುದಕ್ಕೆ. ಯಂತ್ರಗಳಿಗೂ ವಿಷಮಜ್ವರ ಉಂಟು. ಅದರಲ್ಲಿಯೂ ವಿದ್ಯುತ್ತಿನಿಂದ ನಡೆಯುವ ಭಾಗಗಳಿಗೆ ಅದು ಹೆಚ್ಚು. ಮುರಿದ ಹಲ್ಲುಚಕ್ರವು ಮುರಿದೇ ಇರುತ್ತದೆ. ಯಾರು ಬಂದು ನೋಡಿದರೂ ಮುರಿದದ್ದೇ. ಸಡಿಲವಾದ ತಂತಿಯಾದರೋ ಮನಸ್ಸು ಬಂದರೆ ಕೂಡಿಕೊಳ್ಳುವುದು, ಮನಸ್ಸು ಬಾರದಿದ್ದರೆ ಅಗಲುವುದು. ಗ್ಯಾರೇಜಿನವರು ಇದನ್ನು 'ಲೂಸ್ ಕಾಂಟ್ಯಾಕ್ಟು' ಎಂದು ಕರೆಯುತ್ತಾರೆ. ಹೆಸರನ್ನು ಹೇಳುವುದು ಸುಲಭ. ವಾಹನದ ಉದ್ದಗಲಕ್ಕೂ ಹಬ್ಬಿಕೊಂಡಿರುವ ತಂತಿಗಳ ಬಲೆಯಲ್ಲಿ ಅದು ಎಲ್ಲಿದೆಯೆಂದು ಬೆರಳಿಟ್ಟು ತೋರಿಸುವುದು ಕಷ್ಟ.

ತೀರ್ಥಹಳ್ಳಿಯ ಸಮೀಪದಲ್ಲಿ ನನ್ನ ಭಾವನವರದು ಅಡಕೆಯ ತೋಟ. ಅಡಕೆಯ ಮೂಟೆಗಳನ್ನು ಶಿವಮೊಗ್ಗೆಯ ಮಂಡಿಗೆ ಸಾಗಿಸಲು ಅವರು ಒಂದು ಪಿಕಪ್ಪನ್ನು ಇಟ್ಟುಕೊಂಡಿದ್ದಾರೆ. ಅದನ್ನು ಓಡಿಸುವ ಹುಡುಗನು ಒಂದು ಕಾಲದಲ್ಲಿ ನನ್ನ ತರಗತಿಯಲ್ಲಿ ಕುಳಿತಿದ್ದವನು. ಮಾತು ಕಡಿಮೆ, ಕೆಲಸ ಚೊಕ್ಕಟ. ಬೆಳಗ್ಗೆ ಮೂಟೆ ಹೇರಿಕೊಂಡು ಹೊರಟರೆ, ಮಂಡಿಯ ಕೆಲಸವೆಲ್ಲ ತೀರಿ ಗಾಡಿ ಬರಿದಾಗಿ ಹಿಂದಿರುಗುವಾಗ ಕತ್ತಲಾಗಿರುತ್ತದೆ. ಗಾಜನೂರು, ಮಂಡಗದ್ದೆಗಳನ್ನು ಹಾದು ಬರುವ ಆ ಹಾದಿಯು ಅಲ್ಲಲ್ಲಿ ತುಂಗೆಯ ಮಗ್ಗುಲಿನಲ್ಲಿಯೇ ಸಾಗುತ್ತದೆ. ಹಗಲಿನಲ್ಲಿ ಕಣ್ಣಿಗೆ ಹಬ್ಬ. ಆಷಾಢದ ರಾತ್ರಿಯಲ್ಲಿ ಮಳೆ, ತಿರುವು, ಕತ್ತಲೆ.

೨೦೨೨ರ ಮಳೆಗಾಲದ ಆದಿಯಲ್ಲಿ ಗಾಡಿಯ ರೇಡಿಯೋ ನಡುನಡುವೆ ಮೂಕವಾಗತೊಡಗಿತು. ಭದ್ರಾವತಿಯ ಆಕಾಶವಾಣಿಯಲ್ಲಿ ಹಾಡು ಬರುತ್ತಿರುವಂತೆಯೇ ಸದ್ದು ಅಡಗುವುದು. ಸ್ವಲ್ಪ ಹೊತ್ತಿಗೆ ತಾನಾಗಿಯೇ ಹಾಡುವುದು. ಅದರೊಳಗಿನ ಗಡಿಯಾರವು ಕೆಲವೊಮ್ಮೆ ಹೊತ್ತನ್ನು ಮರೆತು ಹನ್ನೆರಡಕ್ಕೆ ಬಂದು ನಿಲ್ಲುವುದು. ಹುಡುಗನು ಹೇಳಿದನು. "ರೇಡಿಯೋ ತಾನೆ, ಹೋದರೆ ಹೋಗಲಿ" ಎಂದರು ಭಾವನವರು. ಇದು ತಪ್ಪೆಂದು ಯಾರೂ ಹೇಳಲಾರರು; ಮೂಟೆ ಹೊರುವ ಗಾಡಿಗೆ ಸಂಗೀತವು ಅವಶ್ಯವಲ್ಲ. ಆದರೂ ಗಾಡಿಯನ್ನು ಗ್ಯಾರೇಜಿಗೆ ಒಯ್ದುದಾಯಿತು. ಅಲ್ಲಿ ಹಾಡು ನಿರಾತಂಕವಾಗಿ ಬಂದಿತು. "ಏನೂ ಕಂಪ್ಲೇಂಟಿಲ್ಲವಲ್ಲ, ಸಾರ್" ಎಂದರು. ಮತ್ತೊಂದು ಸಲ ಹೋದಾಗ ರೇಡಿಯೋವನ್ನೇ ಬದಲಾಯಿಸಿದರು. ಎಂಟು ದಿನ ಸುಮ್ಮನಿದ್ದು, ಒಂಬತ್ತನೆಯ ದಿನ ಹೊಸ ರೇಡಿಯೋ ಹಳೆಯದರ ಚಾಳಿಯನ್ನೇ ಹಿಡಿಯಿತು. ಅನಂತರ ಬ್ಯಾಟರಿಯನ್ನು ಬದಲಾಯಿಸಿದರು. ಅದರಿಂದಲೂ ನಾಲ್ಕು ದಿನ ಗುಣ ಕಂಡಿತು. ಕಾಗೆ ಕೂರುವುದಕ್ಕೂ ತಾಳೆಯ ಹಣ್ಣು ಬೀಳುವುದಕ್ಕೂ ಸರಿಹೋಯಿತೆಂದರೆ, ಕಾಗೆಯೇ ಹಣ್ಣನ್ನು ಕೆಡವಿತೆಂದು ನಂಬುವುದು ಲೋಕದ ವಾಡಿಕೆ. ಬಂದು ಹೋಗುವ ದೋಷದ ಮುಖ್ಯವಾದ ಮೋಸವೇ ಇದು: ನಾವು ಏನು ಮಾಡಿದರೂ ಅದು ಕೆಲವು ದಿನ ಹೋಗಿಬಿಡುತ್ತದೆ, ಆ ಕೆಲವು ದಿನಗಳನ್ನು ನಾವು ನಮ್ಮ ಚಿಕಿತ್ಸೆಯ ಫಲವೆಂದು ಎಣಿಸುತ್ತೇವೆ.

ಆಷಾಢದ ಒಂದು ರಾತ್ರಿ ಮಂಡಗದ್ದೆಯ ಆಚೆಯ ತಿರುವಿನಲ್ಲಿ ರೇಡಿಯೋದೊಡನೆ ಮುಂದಿನ ದೀಪಗಳೂ ಆರಿದವು. ಎರಡು ಉಸಿರಿನಷ್ಟು ಕಾಲ. ಹುಡುಗನು ಕಣ್ಣಿಗೆ ಕಾಣದ ರಸ್ತೆಯಲ್ಲಿ ಬ್ರೇಕು ತುಳಿದು, ಎಡಕ್ಕೆ ಎಳೆದುಕೊಂಡು, ರಸ್ತೆಯಂಚಿನ ಕಲ್ಲಿಗೆ ಗಾಡಿಯ ಮೂತಿಯನ್ನು ತಗುಲಿಸಿ ನಿಲ್ಲಿಸಿದನು. ಕಲ್ಲು ಇದ್ದುದರಿಂದ ಉಳಿದನು. ಆದರೆ ಮನೆಗೆ ಬಂದು ನಡೆದುದನ್ನು ಹೇಳಿದಾಗ ಯಾರೂ ಪೂರ್ಣವಾಗಿ ನಂಬಲಿಲ್ಲ. ದೀಪಗಳು ಅಂಗಳದಲ್ಲಿ ಚೆನ್ನಾಗಿಯೇ ಉರಿಯುತ್ತಿದ್ದವು. ದಣಿದು ಬರುವಾಗ ಕಣ್ಣು ಮುಚ್ಚಿರಬೇಕೆಂದು ಒಬ್ಬರು, ರಾತ್ರಿಯ ಪಾಳಿಯನ್ನು ತಪ್ಪಿಸಿಕೊಳ್ಳಲು ನೆಪವೆಂದು ಇನ್ನೊಬ್ಬರು. ತಗಡು ನೆಟ್ಟಗೆ ಮಾಡಿಸಿದ ಖರ್ಚನ್ನು ಅವನ ಸಂಬಳದಲ್ಲಿ ಹಿಡಿದುದಾಯಿತು. ಮುಂದಿನ ತಿಂಗಳಿನಿಂದ ಬೇರೆ ಚಾಲಕನನ್ನು ನೋಡುವ ಮಾತೂ ಹೊರಟಿತು.

ಅವನು ನನ್ನ ಬಳಿಗೆ ಬಂದು, "ಮೇಷ್ಟ್ರೆ, ನಾನು ನಿದ್ದೆ ಮಾಡಿದ್ದರೆ ರೇಡಿಯೋದ ಗಡಿಯಾರ ಯಾಕೆ ಹನ್ನೆರಡಕ್ಕೆ ಹೋಗಬೇಕು?" ಎಂದನು.

ಇದು ಒಳ್ಳೆಯ ಪ್ರಶ್ನೆ. ಮನುಷ್ಯನು ನೆಪ ಹೇಳಬಹುದು, ಗಡಿಯಾರ ಹೇಳಲಾರದು. ಗಾಡಿಯ ರೇಡಿಯೋಗೆ ವಿದ್ಯುತ್ತು ಎರಡು ದಾರಿಗಳಿಂದ ಬರುತ್ತದೆ. ಒಂದು ತಂತಿ ಬೀಗದ ಕೈಯನ್ನು ತಿರುಗಿಸಿದಾಗ ಮಾತ್ರ ಜೀವ ತಳೆಯುವುದು. ಹಾಡು ಬರುವುದು ಅದರ ಅಪ್ಪಣೆಯಿಂದ. ಇನ್ನೊಂದು ಯಾವಾಗಲೂ ಬ್ಯಾಟರಿಗೆ ಅಂಟಿಕೊಂಡಿರುವುದು. ಗಡಿಯಾರದ ನೆನಪನ್ನು ಕಾಯುವುದು ಅದರ ಕೆಲಸ. ಎರಡಕ್ಕೂ ಬೇರೆ ಬೇರೆ ಫ್ಯೂಸುಗಳು. ಹಾಡು ಮಾತ್ರ ನಿಂತಿದ್ದರೆ ಮೊದಲನೆಯ ದಾರಿಯನ್ನು ಸಂಶಯಿಸಬಹುದಿತ್ತು. ನೆನಪು ಮಾತ್ರ ಹೋಗಿದ್ದರೆ ಎರಡನೆಯದನ್ನು. ಎರಡೂ ಒಂದೇ ಕ್ಷಣದಲ್ಲಿ, ಅದೂ ದೀಪಗಳೊಡನೆ, ಹೋಗಬೇಕಾದರೆ ಅವುಗಳಿಗೆಲ್ಲ ಸಮಾನವಾದ ಒಂದು ಸ್ಥಳದಲ್ಲಿ ಕೇಡು ಇರಬೇಕು. ಬರುವ ದಾರಿಗಳು ಬೇರೆಯಾದರೂ ಹಿಂದಿರುಗುವ ದಾರಿ ಒಂದೇ. ಅದೇ ಗ್ಯಾರೇಜಿನ ಮಾತಿನಲ್ಲಿ 'ಅರ್ತು'.

ಈ ಅರ್ತಿನ ವಿಚಾರವನ್ನು ಸ್ವಲ್ಪ ವಿಸ್ತರಿಸಬೇಕು. ವಿದ್ಯುತ್ತು ಬ್ಯಾಟರಿಯ ಒಂದು ತುದಿಯಿಂದ ಹೊರಟರೆ ಇನ್ನೊಂದು ತುದಿಗೆ ಹಿಂದಿರುಗಲೇಬೇಕು. ಹಿಂದಿರುಗಲು ಹಾದಿಯಿಲ್ಲದಿದ್ದರೆ ಹೊರಡುವುದೇ ಇಲ್ಲ. ಮೋಟಾರು ವಾಹನಗಳಲ್ಲಿ ಹೋಗಲು ತಂತಿಯನ್ನು ಹಾಕಿ, ಹಿಂದಿರುಗಲು ಬಹುಮಟ್ಟಿಗೆ ವಾಹನದ ಕಬ್ಬಿಣದ ಮೈಯನ್ನೇ ಬಳಸಿಕೊಳ್ಳುತ್ತಾರೆ. ಆದರೆ ಇಂಥ ಪಿಕಪ್ಪಿನಲ್ಲಿ ಚಾಲಕನು ಕೂರುವ ಗೂಡು ಕೆಳಗಿನ ಚೌಕಟ್ಟಿನ ಮೇಲೆ ನೇರವಾಗಿ ಕೂತಿರುವುದಿಲ್ಲ. ಕುಲುಕಾಟ ತಟ್ಟದಿರಲೆಂದು ನಡುವೆ ರಬ್ಬರಿನ ದಿಂಡುಗಳಿರುತ್ತವೆ. ರಬ್ಬರು ವಿದ್ಯುತ್ತನ್ನು ಹರಿಯಗೊಡದು. ಆದಕಾರಣ ಗೂಡಿನಿಂದ ಚೌಕಟ್ಟಿಗೆ ಒಂದು ಹೆಣೆದ ತಾಮ್ರದ ಪಟ್ಟಿಯನ್ನು ಬೋಲ್ಟಿನಿಂದ ಬಿಗಿದಿರುತ್ತಾರೆ. ಈ ವಾಹನದಲ್ಲಿ ರೇಡಿಯೋ, ವೈಪರು, ಗಾಳಿಯ ಯಂತ್ರ, ಮುಂದಿನ ದೀಪಗಳು, ಎಲ್ಲದರ ವಿದ್ಯುತ್ತೂ ಆ ಒಂದು ಗೇಣುದ್ದದ ಪಟ್ಟಿಯ ಮೂಲಕವೇ ಮನೆಗೆ ಮರಳಬೇಕು. ಎಂಜಿನ್ನಿನ ಅರ್ತು ಮಾತ್ರ ಬೇರೆ. ಕತ್ತಲಾದ ಆ ಎರಡು ಉಸಿರಿನ ಕಾಲದಲ್ಲಿ ಎಂಜಿನ್ನು ನಿಲ್ಲಲಿಲ್ಲವೆಂದು ಹುಡುಗನು ಹೇಳಿದ್ದನು. ಅದೂ ಈ ಊಹೆಗೆ ಹೊಂದುತ್ತಿತ್ತು.

ಹಾಗಾದರೆ ಗ್ಯಾರೇಜಿನಲ್ಲಿ ದೋಷವು ಏಕೆ ಕಾಣಲಿಲ್ಲ? ಉತ್ತರವನ್ನು ಜರ್ಮನಿಯ ಒಬ್ಬ ಶಾಲಾಮಾಸ್ತರನು ೧೮೨೭ರಲ್ಲಿಯೇ ಕೊಟ್ಟಿರುವನು. ಗೇಓರ್ಗ್ ಓಮ್ ಎಂಬಾತನು ತೋರಿಸಿಕೊಟ್ಟ ನಿಯಮದಂತೆ, ಹಾದಿಯಲ್ಲಿ ಕಳೆದುಹೋಗುವ ವೋಲ್ಟುಗಳು ಹಾದಿಯ ತಡೆಯನ್ನೂ ಹರಿಯುವ ಪ್ರವಾಹವನ್ನೂ ಗುಣಿಸಿದಷ್ಟು. ತುಕ್ಕು ಹಿಡಿದ ಬೋಲ್ಟಿನಲ್ಲಿ ಒಂದು ಓಮಿನ ಹತ್ತನೆಯ ಒಂದು ಪಾಲು ತಡೆ ಇದೆಯೆನ್ನೋಣ. ರೇಡಿಯೋ ಒಂದೇ ಹಾಡುತ್ತಿದ್ದರೆ ಪ್ರವಾಹ ಸುಮಾರು ಒಂದು ಆಂಪಿಯರು, ನಷ್ಟವು ಕಾಲು ವೋಲ್ಟೂ ಆಗದು, ಯಾರಿಗೂ ತಿಳಿಯದು. ಮುಂದಿನ ಎರಡು ದೀಪಗಳು ಸುಮಾರು ಹತ್ತು ಆಂಪಿಯರುಗಳನ್ನು ಎಳೆಯುತ್ತವೆ. ವೈಪರು, ಗಾಳಿಯ ಯಂತ್ರ, ಹಿಂದಿನ ದೀಪಗಳು ಸೇರಿದರೆ ಇಪ್ಪತ್ತನ್ನು ಮುಟ್ಟಬಹುದು. ಆಗ ಅದೇ ಬೋಲ್ಟು ಎರಡು ವೋಲ್ಟುಗಳನ್ನು ನುಂಗುತ್ತದೆ. ಗಾಡಿ ಕುಲುಕಿದಾಗ ತಡೆಯು ಮತ್ತಷ್ಟು ಏರಿದರೆ ರೇಡಿಯೋದ ಪಾಲಿಗೆ ಬರುವ ಒತ್ತಡವು ಅದರ ಮಿತಿಗಿಂತ ಕೆಳಗಿಳಿದು ಅದು ಬಾಯಿ ಮುಚ್ಚುತ್ತದೆ. ಹಗಲು ಹೊತ್ತಿನಲ್ಲಿ, ಗಾಡಿ ನಿಂತಿರುವಾಗ, ದೀಪ ಹಚ್ಚದೆ, ರೇಡಿಯೋವನ್ನು ಮಾತ್ರ ಹಾಡಿಸಿ ನೋಡಿದವರಿಗೆ ಈ ದೋಷವು ಹೇಗೆ ಕಂಡೀತು? ಕಳ್ಳನು ರಾತ್ರಿ ಮಳೆಯಲ್ಲಿ ಬರುವವನು. ಅವನನ್ನು ಹಿಡಿಯಲು ಇವರು ಮಧ್ಯಾಹ್ನದಲ್ಲಿ ಕಾದಿದ್ದರು.

ಆದರೂ ಊಹೆಯು ಪ್ರಮಾಣವಲ್ಲ. ದಣಿದವನು ನಿದ್ದೆ ಮಾಡುವುದೂ ರಾತ್ರಿಯೇ, ಹಿಂದಿರುಗುವಾಗಲೇ. ಎರಡು ಕಾರಣಗಳೂ ಒಂದೇ ಹೊತ್ತಿಗೆ ಹೊಂದುತ್ತಿರುವಾಗ ಬೇರ್ಪಡಿಸುವುದು ಹೇಗೆ? ನಮ್ಮ ತರ್ಕಶಾಸ್ತ್ರವು ಇದಕ್ಕೆ ಅನ್ವಯ, ವ್ಯತಿರೇಕ ಎಂಬ ಎರಡು ಕೈದೀವಿಗೆಗಳನ್ನು ಕೊಟ್ಟಿದೆ. ಇದು ಇದ್ದಲ್ಲಿ ಅದು ಇದೆಯೆ? ಇದು ಇಲ್ಲದಲ್ಲಿ ಅದು ಇಲ್ಲವೆ? ಹುಡುಗನ ಕೈಗೆ ಒಂದು ಸಣ್ಣ ಪುಸ್ತಕವನ್ನು ಕೊಟ್ಟೆನು. ರೇಡಿಯೋ ನಿಂತಾಗಲೆಲ್ಲ ದಿನ, ಹೊತ್ತು, ಸ್ಥಳ, ಮಳೆಯುಂಟೆ ಇಲ್ಲವೆ, ದೀಪ ಹಚ್ಚಿತ್ತೆ, ವೈಪರು ಆಡುತ್ತಿತ್ತೆ, ಗಾಡಿಯಲ್ಲಿ ಹೊರೆಯಿತ್ತೆ, ಇಷ್ಟನ್ನು ಬರೆಯಬೇಕು. ಏನೂ ಆಗದ ದಿನವನ್ನೂ ಬಿಡದೆ ಬರೆಯಬೇಕು. ವಿಷಮಜ್ವರವನ್ನು ಎಣಿಸಿದವರು ಕಲಿಸಿದ ಪಾಠವೇ ಅದು.

ಮೂರು ವಾರಗಳಲ್ಲಿ ಏಳು ಸಲ ರೇಡಿಯೋ ನಿಂತಿತ್ತು. ಏಳು ಸಲವೂ ದೀಪ ಮತ್ತು ವೈಪರು ಎರಡೂ ನಡೆಯುತ್ತಿದ್ದವು. ಮಳೆಯಿಲ್ಲದ ರಾತ್ರಿಗಳಲ್ಲಿ, ಅವನು ಅಷ್ಟೇ ದಣಿದಿದ್ದರೂ, ಒಂದು ಸಲವೂ ನಿಂತಿರಲಿಲ್ಲ. ಏಳರಲ್ಲಿ ಒಂದು ನಡೆದುದು ರಾತ್ರಿಯಲ್ಲ. ಕಾರ್ಮೋಡ ಕವಿದು ದೀಪ ಹಚ್ಚಿಕೊಂಡು ಹೊರಟಿದ್ದ ಒಂದು ಬೆಳಗ್ಗೆ, ನಿದ್ದೆ ಮುಗಿಸಿ ಎದ್ದವನ ಕೈಯಲ್ಲಿ. ಏಳು ಸಲವೂ ಗಾಡಿ ಬರಿದಾಗಿತ್ತು. ಇದಕ್ಕೂ ಅರ್ಥವಿಲ್ಲದಿಲ್ಲ. ಹೊರೆ ಹೊರುವುದಕ್ಕೆಂದು ಮಾಡಿದ ಗಟ್ಟಿಯಾದ ಪಟ್ಟಿಯ ಸ್ಪ್ರಿಂಗುಗಳು ಹೊರೆಯಿಲ್ಲದಾಗ ಬಗ್ಗುವುದಿಲ್ಲ. ಪ್ರತಿಯೊಂದು ಹೊಂಡದಲ್ಲಿಯೂ ಗಾಡಿ ಎಗರಿ ಬೀಳುತ್ತದೆ.

ಒಂದು ಭಾನುವಾರ ಭಾವನವರ ಅಂಗಳದಲ್ಲಿ ಪರೀಕ್ಷೆಗೆ ತೊಡಗಿದೆವು. ಮಲ್ಟಿಮೀಟರು ಎಂಬ ಅಳತೆಯ ಪೆಟ್ಟಿಗೆಯ ಒಂದು ಕಡ್ಡಿಯನ್ನು ಬ್ಯಾಟರಿಯ ಋಣತುದಿಗೂ ಇನ್ನೊಂದನ್ನು ಗೂಡಿನ ಬಣ್ಣವಿಲ್ಲದ ಕಬ್ಬಿಣಕ್ಕೂ ಹಿಡಿದೆವು. ಎರಡೂ ಒಂದೇ ಆಗಿದ್ದರೆ ಮುಳ್ಳು ಸೊನ್ನೆಯ ಬಳಿಯಲ್ಲಿ ಇರತಕ್ಕದ್ದು. ಹೊರೆಯಿರುವಾಗಲೂ ಅರ್ತಿನಲ್ಲಿ ಒಂದು ವೋಲ್ಟಿನ ಹತ್ತರಲ್ಲಿ ಎರಡು ಪಾಲಿಗಿಂತ ಹೆಚ್ಚು ಕಳೆಯಬಾರದೆಂಬುದು ಬಲ್ಲವರ ಲೆಕ್ಕ. ಎಂಜಿನ್ನನ್ನು ನಡೆಸಿ, ರೇಡಿಯೋ ಒಂದನ್ನೇ ಹಾಡಿಸಿದೆವು: ೦.೧ ವೋಲ್ಟು. ದೀಪ ಹಚ್ಚಿದೆವು: ಒಂದು ವೋಲ್ಟು. ವೈಪರನ್ನೂ ಗಾಳಿಯ ಯಂತ್ರವನ್ನೂ ಸೇರಿಸಿದೆವು: ಎರಡು. ಆಮೇಲೆ ಹುಡುಗನು ಗಾಡಿಯ ಕೆಳಗೆ ನುಸುಳಿ, ಒಂದು ಮರದ ಕೋಲಿನಿಂದ ಒಂದೊಂದೇ ತಂತಿಯನ್ನು ಮೆಲ್ಲಗೆ ಅಲುಗಿಸುತ್ತ ಬಂದನು. ಮೊದಲಿನ ಕೆಲವಕ್ಕೆ ಏನೂ ಆಗಲಿಲ್ಲ. ತಾಮ್ರದ ಪಟ್ಟಿಯನ್ನು ಮುಟ್ಟಿದೊಡನೆ ಅಂಕಿಯು ನಾಲ್ಕನ್ನು ದಾಟಿತು, ದೀಪಗಳು ಕೆಂಪಗೆ ಕುಗ್ಗಿದವು, ರೇಡಿಯೋ ಮೂಕವಾಯಿತು. ಕೋಲನ್ನು ತೆಗೆದಾಗ ಹಾಡು ಬಂದಿತು. ಗಡಿಯಾರ ಹನ್ನೆರಡನ್ನು ತೋರಿಸುತ್ತಿತ್ತು.

ಭಾವನವರು ಪಕ್ಕದಲ್ಲಿಯೇ ನಿಂತಿದ್ದರು. "ಇನ್ನೊಂದು ಸಲ ಅಲ್ಲಾಡಿಸು" ಎಂದರು. ಅವನು ಅಲ್ಲಾಡಿಸಿದನು. ಮತ್ತೆ ಅದೇ.

ಪಟ್ಟಿಯನ್ನು ಬಿಚ್ಚಿ ನೋಡಿದರೆ ಅದರ ಕಣ್ಣು ಕುಳಿತಿದ್ದ ಜಾಗದಲ್ಲಿ ಅರ್ಧ ಬಣ್ಣ, ಅರ್ಧ ತುಕ್ಕು; ಬೋಲ್ಟು ಬೆರಳಿಗೆ ತಿರುಗುವಷ್ಟು ಸಡಿಲ. ಉಪ್ಪುಕಾಗದದಿಂದ ಎರಡು ಕಡೆಯನ್ನೂ ಲೋಹವು ಹೊಳೆಯುವವರೆಗೆ ಉಜ್ಜಿ, ಹಲ್ಲಿನ ವಾಷರನ್ನು ಇಟ್ಟು, ಬಿಗಿದು, ನೀರು ತಾಗದಂತೆ ಮೇಲೆ ಗ್ರೀಸನ್ನು ಬಳಿದೆವು. ಎಲ್ಲವನ್ನೂ ಹಚ್ಚಿ ಅಳೆದಾಗ ೦.೧ ವೋಲ್ಟನ್ನೂ ಮುಟ್ಟಲಿಲ್ಲ. ಖರ್ಚು, ಉಪ್ಪುಕಾಗದದ ಒಂದು ಹಾಳೆ. ಅರ್ತು ಕೆಟ್ಟಲ್ಲಿ ಅನರ್ಥವಲ್ಲದೆ ಬೇರೇನಿದೆ ಎಂದು ಪದಗಳೊಡನೆ ಆಡುವವರು ಹೇಳಿಯಾರು. ಆ ಹುಡುಗನಿಗೆ ಅದು ಆಟದ ಮಾತಾಗಿರಲಿಲ್ಲ. ಮರುದಿನ ಹಿಡಿದಿದ್ದ ಸಂಬಳವು ಅವನ ಕೈ ಸೇರಿತು. ಭಾವನವರು ಹೆಚ್ಚು ಮಾತನಾಡುವವರಲ್ಲ. "ಆ ಪುಸ್ತಕವನ್ನು ಬರೆಯುವುದನ್ನು ಬಿಡಬೇಡ" ಎಂದಷ್ಟೇ ಹೇಳಿದರಂತೆ. ಅವನು ಅದನ್ನು ಗೌರವವೆಂದೇ ಸ್ವೀಕರಿಸಿದನು.

ಇಂಥ ದೋಷವು ಎಲ್ಲ ಗಾಡಿಗಳಲ್ಲಿಯೂ ಅರ್ತಿನಲ್ಲಿಯೇ ಇರುವುದೆಂದು ವಾಚಕರು ಭಾವಿಸಬಾರದು. ಬ್ಯಾಟರಿಯ ತುದಿಗಳ ಮೇಲೆ ಬಿಳಿಯ ಪುಡಿ ಕಟ್ಟಿರಬಹುದು. ಫ್ಯೂಸಿನ ಕಾಲುಗಳು ತಮ್ಮ ಗೂಡಿನಲ್ಲಿ ಸಡಿಲವಾಗಿರಬಹುದು. ಬೀಗದ ಕೈಯ ಹಿಂದಿನ ಸ್ವಿಚ್ಚು ಬಿಸಿಯಾದಾಗ ಮಾತ್ರ ಕೈಕೊಡುವುದಿರಬಹುದು. ರೇಡಿಯೋದ ಬೆನ್ನ ಹಿಂದಿನ ಕೂಡುಗೊಂಡಿಯು ಪೂರ್ಣವಾಗಿ ಕೂಡದಿರಬಹುದು. ಎಂಜಿನ್ನಿನ ವೇಗ ಏರಿದಂತೆಲ್ಲ ಏರುವ ಕೊರಗುದನಿಯೊಂದು ರೇಡಿಯೋದಲ್ಲಿ ಕೇಳಿಸಿದರೆ, ವಿದ್ಯುತ್ತನ್ನು ಹುಟ್ಟಿಸುವ ಆಲ್ಟರ್ನೇಟರನ್ನೂ ರೇಡಿಯೋದ ಅರ್ತನ್ನೂ ನೋಡುವುದು ಒಳ್ಳೆಯದು. ಕಾರಣಗಳು ಹಲವು, ಹುಡುಕುವ ಕ್ರಮ ಒಂದೇ. ದೋಷವು ಬರುವ ಸನ್ನಿವೇಶವನ್ನು ಬರೆದಿಡುವುದು, ಕೆಟ್ಟವುಗಳಿಗೆಲ್ಲ ಸಮಾನವಾದುದು ಯಾವುದೆಂದು ಕೇಳುವುದು, ಆ ಸನ್ನಿವೇಶವನ್ನು ಅಂಗಳದಲ್ಲಿ ಮರಳಿ ಹುಟ್ಟಿಸುವುದು, ಹೊರೆಯಿರುವಾಗ ಅಳೆಯುವುದು, ಒಂದು ಸಲಕ್ಕೆ ಒಂದನ್ನೇ ಮುಟ್ಟುವುದು. ಎರಡನ್ನು ಒಟ್ಟಿಗೆ ಬದಲಾಯಿಸಿದವನಿಗೆ ಗುಣವಾದರೂ ಜ್ಞಾನವಾಗದು.

ರೇಡಿಯೋದ ವಿಷಯದಲ್ಲಿ ಇನ್ನೊಂದು ಮಾತು. ಗಾಡಿಯೊಳಗಿನ ವಸ್ತುಗಳಲ್ಲೆಲ್ಲ ಅದು ಸುಕುಮಾರವಾದುದು. ದೀಪವು ಒತ್ತಡ ಕಡಿಮೆಯಾದರೆ ಮಂಕಾಗುತ್ತದೆ. ಹತ್ತರಲ್ಲೊಂದು ಪಾಲು ಒತ್ತಡ ಇಳಿದರೆ ಬೆಳಕು ನೂರಕ್ಕೆ ಮೂವತ್ತರಷ್ಟು ಇಳಿಯುವುದಾದರೂ, ಮಳೆಯ ರಾತ್ರಿಯಲ್ಲಿ ಅದನ್ನು ಗಮನಿಸುವವರು ಯಾರು? ರೇಡಿಯೋ ಹಾಗಲ್ಲ, ಮಿತಿ ದಾಟಿದೊಡನೆ ಸುಮ್ಮನಾಗಿ ತನ್ನ ಸಂಕಟವನ್ನು ತಿಳಿಸುತ್ತದೆ. ದೀಪಗಳು ಆರುವುದಕ್ಕೆ ಮೊದಲು ಎಷ್ಟೋ ದಿನಗಳಿಂದ ಅದು ಎಚ್ಚರಿಸುತ್ತಿತ್ತು. ಮನೆಯಲ್ಲಿ ಅತ್ಯಂತ ಚಿಕ್ಕವರು, ಊರಿನಲ್ಲಿ ಅತ್ಯಂತ ಬಡವರು ಮೊದಲು ನೋವನ್ನು ಹೇಳಿಕೊಳ್ಳುವುದೂ ಹೀಗೆಯೇ. ಅವರು ಅಲ್ಪರೆಂಬ ಕಾರಣದಿಂದ ಅವರ ದೂರನ್ನು ಅಲ್ಪವೆಂದು ತಳ್ಳುತ್ತೇವೆ.

ಓಮ್ ಮಹಾಶಯನ ನಿಯಮವನ್ನು ಅವನ ದೇಶದವರು ಮೊದಮೊದಲು ಮನ್ನಿಸಲಿಲ್ಲ. ಇಂಗ್ಲೆಂಡಿನ ರಾಯಲ್ ಸೊಸೈಟಿಯು ಅವನಿಗೆ ಕಾಪ್ಲಿ ಪದಕವನ್ನು ಕೊಟ್ಟುದು ೧೮೪೧ರಲ್ಲಿ. ಹದಿನಾಲ್ಕು ವರ್ಷ ಅವನ ಸತ್ಯವು ಕಾದಿತ್ತು. ದೊಡ್ಡವರ ಸತ್ಯಕ್ಕೆ ಹಾಗೆ ಕಾಯುವ ಶಕ್ತಿಯುಂಟು. ತಿಂಗಳ ಸಂಬಳದಿಂದ ಬದುಕುವವನ ಸತ್ಯಕ್ಕೆ ಅದು ಇಲ್ಲ. ನಾವು ನೋಡಿದಾಗ ಕಾಣಲಿಲ್ಲವೆಂಬುದು ನಮ್ಮ ನೋಟದ ಹೊತ್ತನ್ನು ತಿಳಿಸುತ್ತದೆಯೇ ಹೊರತು, ಕಂಡವನ ಮಾತು ಸುಳ್ಳೆಂಬುದನ್ನು ತಿಳಿಸುವುದಿಲ್ಲ. "ಈಗ ಸರಿಯಾಗಿದೆಯಲ್ಲ" ಎಂಬ ಮಾತು ನಮ್ಮ ಬಾಯಿಗೆ ಬಂದಾಗ, ಅದನ್ನು ತೀರ್ಪೆಂದು ಹೇಳದೆ, "ಯಾವಾಗ ಸರಿಯಾಗಿರುವುದಿಲ್ಲ?" ಎಂಬ ಪ್ರಶ್ನೆಯಾಗಿ ತಿರುಗಿಸಿ ಕೇಳುವುದು ಮೇಲು. ಕೇಳಿ, ಒಂದು ಸಣ್ಣ ಪುಸ್ತಕವನ್ನು ಅವನ ಕೈಗೆ ಕೊಟ್ಟರೆ ಇನ್ನೂ ಮೇಲು.